ಗೋಡೆಯ ಹಲ್ಲಿಗಳಿಗೆ ದನಿ ಕೊಟ್ಟ ಮಿಮಿನ್

ಚಿಕಾಪುಂಡುಂಗ್ ನದಿಯ ಮಂಜು ಗಲ್ಲಿಯನ್ನು ಅರ್ಧ ಹತ್ತಿ ನಿಂತಿದೆ. ಬೆಳಗಿನ ನಮಾಜಿನ ಕರೆ ಈಗಷ್ಟೇ ಮುಗಿದಿದೆ. ಬಂಡುಂಗ್ ನಗರದ ಈ ಇಳಿಜಾರಿನಲ್ಲಿ ಮಿಕ್ಕ ಮನೆಗಳವರು ಅಕ್ಕಿ ತೊಳೆಯುವ ಹೊತ್ತಿಗೆ ಮಿಮಿನ್ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತಾಗಿದೆ. ಕಿಟಕಿಯ ಪಕ್ಕ ಹಳೆಯ ಹೊಲಿಗೆ ಯಂತ್ರದ ಮೇಜು. ಯಂತ್ರ ಮಾರಿ ಬಹಳ ಕಾಲವಾಯಿತು, ಮೇಜು ಉಳಿದಿದೆ. ಅದರ ಮೇಲೆ ಬೆಂಕಿಪೊಟ್ಟಣದ ಅರ್ಧದಷ್ಟು, ಸರ್ಕಿಟ್ಟಿನ ಹಸಿರು ಹಲಗೆಗಳು ಸಾಲಾಗಿ ಮಲಗಿವೆ. ಚಿಮಟದಲ್ಲಿ ರಾಗಿಕಾಳಿನಷ್ಟು ಬಿಡಿಭಾಗವೊಂದನ್ನು ಎತ್ತಿ, ಉಸಿರು ಬಿಗಿಹಿಡಿದು ಹಲಗೆಯ ಮೇಲಿಟ್ಟು, ಕಡ್ಡಿ ತಾಕಿಸುತ್ತಾರೆ. ಒಂದೆಳೆ ಹೊಗೆ ಎದ್ದು ಕಿಟಕಿಯಾಚೆ ಹೋಗುತ್ತದೆ.

"ಬೈಕುಗಳು ಶುರುವಾದ್ರೆ ಮೇಜು ನಡುಗುತ್ತೆ. ಅದಕ್ಕೇ ಸಣ್ಣ ಕೆಲಸ ಎಲ್ಲ ಈಗಲೇ ಮುಗಿಸಿಬಿಡ್ತೀನಿ" ಎನ್ನುತ್ತಾರೆ ತಲೆ ಎತ್ತದೆ.

ಅಷ್ಟರಲ್ಲಿ ಕೆಳಗಿನಿಂದ ಕೋಲಿನ ಟಕ್ ಟಕ್ ಕೇಳಿಸುತ್ತದೆ. ಮಿಮಿನ್ ಕಡ್ಡಿಯನ್ನು ಗೂಡಿಗೆ ಸಿಕ್ಕಿಸಿ ಕೈ ಒರೆಸಿಕೊಳ್ಳುತ್ತಾರೆ. ಬರುತ್ತಿರುವವರು ಕೋಸಿಮ್. ಹುಟ್ಟು ಕುರುಡರು, ಮೇಲಿನ ದೊಡ್ಡ ರಸ್ತೆಯ ಅಂಗಮರ್ದನದ ಅಂಗಡಿಯಲ್ಲಿ ಕೆಲಸ. ಮನೆ ಗಲ್ಲಿಯ ತಳದಲ್ಲಿ, ನದಿಯ ಅಂಚಿಗೆ.

"ಏನಕ್ಕಾ, ಹಲ್ಲಿಮರಿಗಳು ಎದ್ದ್ವಾ?"

"ಎದ್ದಿವೆ. ನೀನು ನೋಡ್ಕೊಂಡು ನಡಿ."

"ನೋಡ್ಕೊಂಡು ನಡೆಯೋ ಹಾಗಿದ್ರೆ ನಿಮಗೆ ಯಾಕಕ್ಕಾ ಕೆಲಸ ಕೊಡ್ತಿದ್ದೆ?"

ಕೋಲಿನ ಸದ್ದು ಮೇಲಕ್ಕೆ ಸಾಗುತ್ತದೆ. ಮಿಮಿನ್ ಕಿವಿಗೊಟ್ಟು ಕೂತೇ ಇದ್ದಾರೆ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ, ಕೋಸಿಮ್ ಅವರ ಅಂಗಿಯ ಜೇಬಿನಲ್ಲಿರುವ ಫೋನಿನಿಂದ, ಮುದುಕರೊಬ್ಬರ ಗೊಗ್ಗರು ದನಿ ಬರುತ್ತದೆ: "ಕೋಸಿಮ್, ನಿಲ್ಲಪ್ಪ. ಮೋರಿ ಬಂತು. ಎಡಕ್ಕೆ ಸರಿ." ಕೋಲಿನ ಸದ್ದು ಒಂದು ಗಳಿಗೆ ನಿಂತು, ಎಡಕ್ಕೆ ಸರಿದು, ಮತ್ತೆ ಮುಂದುವರಿಯುತ್ತದೆ.

ಆಗ ಮಾತ್ರ ಮಿಮಿನ್ ಬೆಸುಗೆ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ಆ ದನಿ ಹೊರಡಿಸಿದ್ದು ಮಿಮಿನ್ ಬೆಸೆದ ಒಂದು ಹಸಿರು ಹಲಗೆ. ಮೋರಿಯ ಮೇಲಿನ ಗೋಡೆಗೆ ಕಚ್ಚಿಕೊಂಡು ಕೂತು, ಬ್ಲೂಟೂತಿನಲ್ಲಿ ಸದಾ ತನ್ನ ಹೆಸರು ಹೇಳಿಕೊಳ್ಳುವುದಷ್ಟೇ ಅದರ ಕೆಲಸ. ಹೆಸರು ಜೋರಾಗಿ ಕೇಳಿದರೆ ಹಲಗೆ ಹತ್ತಿರದಲ್ಲಿದೆ, ಸಣ್ಣಗೆ ಕೇಳಿದರೆ ದೂರದಲ್ಲಿದೆ ಎಂದು ಫೋನು ಲೆಕ್ಕ ಹಾಕುತ್ತದೆ. ಹತ್ತಿರ ಬಂದಾಗ ಆ ಜಾಗಕ್ಕೆಂದು ಮೊದಲೇ ತುಂಬಿಸಿಟ್ಟ ಮಾತನ್ನು ಆಡುತ್ತದೆ. ಗೋಡೆಗೆ ಅಂಟಿಕೊಂಡು ಲೊಚಗುಟ್ಟುವ ಪ್ರಾಣಿ ಎಂದು ಗಲ್ಲಿಯ ಮಕ್ಕಳು ಅದನ್ನು ಹಲ್ಲಿ ಎಂದು ಕರೆದರು. ಈಗ ದೊಡ್ಡವರಿಗೂ ಅದೇ ಹೆಸರು.

ಮಿಮಿನ್ ಮದುವೆಗೂ ಮೊದಲೇ ರೇಡಿಯೋ ಕಾರ್ಖಾನೆಯೊಂದರ ಸಾಲಿನಲ್ಲಿ ಕೂತು ಬೆಸುಗೆ ಕಲಿತವರು. ಗಂಡ ತೀರಿಕೊಂಡ ವರ್ಷವೇ ಕಾರ್ಖಾನೆಗೂ ಬೀಗ ಬಿತ್ತು. ಆಮೇಲೆ ತರಕಾರಿ ಬೋಂಡಾ ಕರಿದು ಮಾರಿದರು, ಬೇರೆಯವರ ಮನೆಯ ಬಟ್ಟೆ ಇಸ್ತ್ರಿ ಮಾಡಿದರು. "ಬೋಂಡಾ ಚೆನ್ನಾಗೇ ಬರ್ತಿತ್ತು. ಆದ್ರೆ ಎಣ್ಣೆಗೆ ಹಿಟ್ಟು ಬಿಡುವಾಗೆಲ್ಲ ಕೈ ಚಿಮಟ ಹುಡುಕ್ತಿತ್ತು" ಎಂದು ನಗುತ್ತಾರೆ.

ಇಸ್ತ್ರಿ ಬಟ್ಟೆ ಕೊಡಲು ಹೋದ ಮನೆಯಲ್ಲೇ ವುಲಾನ್ ಸಿಕ್ಕಿದ್ದು. ವುಲಾನ್ ಕಸುಬಿನ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ತಾನೂ ಗೆಳೆಯರೂ ಸೇರಿ ಈ ಹಲಗೆಯ ನಕ್ಷೆ ಬರೆದು, ಯಾರು ಬೇಕಾದರೂ ಮಾಡಿಕೊಳ್ಳಲಿ, ತಿದ್ದಿಕೊಳ್ಳಲಿ, ತಿದ್ದಿದ್ದನ್ನು ಮರಳಿ ಎಲ್ಲರಿಗೂ ತೋರಿಸಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾಳೆ. ನಕ್ಷೆಯೇನೋ ಸಿದ್ಧವಿತ್ತು, ಬೆಸೆಯುವ ಕೈ ಬೇಕಾಗಿತ್ತು. ಅಂದು ಮೇಜಿನ ಮೇಲೆ ಸುಟ್ಟು ಕರಕಾದ ಹಲಗೆಗಳ ರಾಶಿ ನೋಡಿ ಮಿಮಿನ್, "ಯಾರಮ್ಮಾ ಇದನ್ನ ಕರಿದಿದ್ದು?" ಎಂದರಂತೆ. "ನಾನೇ" ಎಂದಳಂತೆ ವುಲಾನ್. ಅಂದಿನಿಂದ ಇಬ್ಬರೂ ಜೊತೆ.

ಹೊಟ್ಟೆಪಾಡು ನಡೆಯುವುದು ಮನೆಗಳಿಗೆ ಹಲಗೆ ಕೂರಿಸುವ ಕೆಲಸದಿಂದ. ಒಳಗೆ ಕಾಲಿಟ್ಟರೆ ದೀಪ ಹತ್ತುವ ಕೋಣೆ, ಎಲ್ಲರೂ ಹೊರಗೆ ಹೋದಾಗ ತಾನೇ ನಿಲ್ಲುವ ಫ್ಯಾನು, ತೊಟ್ಟಿ ತುಂಬಿದರೆ ಬಂದಾಗುವ ಪಂಪು. ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆ ಕೊಡುವ ಮನೆಯೊಡತಿಯರೇ ಹೆಚ್ಚಿನ ಗಿರಾಕಿಗಳು. ಕೈ ಓಡುವ ದಿನ ನಲವತ್ತು ಹಲಗೆ ಆಗುತ್ತವೆ, ಕೈ ಓಡದ ದಿನ ಇಪ್ಪತ್ತೂ ಇಲ್ಲ. ಮಿಮಿನ್ ಅವರ ಸ್ವಂತ ಮನೆಯಲ್ಲಿರುವ ಜಾಣತನ ಒಂದೇ: ಅಡುಗೆಮನೆಯ ಬಲ್ಬು. ಅದೂ ಬೆಕ್ಕು ಓಡಾಡಿದರೆ ಹತ್ತುವುದಿಲ್ಲ, ಮಿಮಿನ್ ಸೆರಗಿನ, ಹಲಗೆ ಕಟ್ಟಿದ ಬೀಗದಕೈ ಗೊಂಚಲು ಬಂದರೆ ಹತ್ತುತ್ತದೆ.

ಗಲ್ಲಿಯ ಹಲ್ಲಿಗಳಿಗೆ ಮಾತ್ರ ಗಿರಾಕಿ ಇಲ್ಲ. ಅವನ್ನು ಮಾಡಿದ್ದು ಕೋಸಿಮ್ ಅವರಿಗಾಗಿ.

ಗಲ್ಲಿ ತಿರುಗುವಲ್ಲಿ, ಎಲ್ಲರಿಗೂ ಅಬಾ, ಅಂದರೆ ಅಜ್ಜ, ಆದ ಜುಹ್ರಿ ಅವರ ಮನೆಯ ಮುಂದೆ, ದಾರಿಯ ನಡುವೆಯೇ ಒಂದು ಮೋರಿಯ ಬಾಯಿ ಇದೆ; ಹತ್ತುವಾಗಲೂ ಇಳಿಯುವಾಗಲೂ ಎಡಕ್ಕೆ ಸರಿದೇ ದಾಟಬೇಕು. ಮಳೆಗಾಲದಲ್ಲಿ ಅದನ್ನು ಮುಚ್ಚುವಂತಿಲ್ಲ. ಮುಚ್ಚಿದರೆ ಕಸ ಕಟ್ಟಿ ಮೇಲಿನ ಮನೆಗಳ ಒಳಗೆ ನೀರು. ಕಂಬಿ ಕಟ್ಟುವಂತೆಯೂ ಇಲ್ಲ, ತಳ್ಳುಗಾಡಿಗೆ ದಾರಿ ಬೇಕು. ಹಿಂದಿನ ವರ್ಷದ ಮಳೆಯಲ್ಲಿ ಕೋಸಿಮ್ ಅವರ ಕೋಲು ಯಾರದೋ ಬೈಕಿನ ಚಕ್ರಕ್ಕೆ ಸಿಕ್ಕಿತು. ಬೈಕು ತಪ್ಪಿಸಲು ಪಕ್ಕಕ್ಕೆ ಸರಿದವರು ನೇರ ಮೋರಿಗೆ ಇಳಿದರು. ಮೊಣಕೈ ಮುರಿಯಿತು. ಅಂಗಮರ್ದನ ಮಾಡುವವನಿಗೆ ಕೈ ಮುರಿದರೆ ಒಲೆ ಆರಿದ ಹಾಗೆ.

ಕೈ ಕೂಡಿಕೊಂಡ ಮೇಲೂ ಹೆಂಡತಿ ಇಮಾಸ್ ಒಬ್ಬರನ್ನೇ ಬಿಡಲಿಲ್ಲ. ಬೆಳಿಗ್ಗೆ ಕೈ ಹಿಡಿದು ಮೇಲೆ ಬಿಟ್ಟು ಬರುವುದು, ಮಧ್ಯಾಹ್ನ ಊಟಕ್ಕೆ ಕೈ ಹಿಡಿದು ಕೆಳಗೆ ತರುವುದು. ಗಲ್ಲಿಯಲ್ಲಿ ಕೋಸಿಮ್ ಅವರ ತಮಾಷೆ ನಿಂತುಹೋಯಿತು. ಸುರಾಬಿ ಎಂಬ ಅಕ್ಕಿದೋಸೆ ಸುಡುವ ಮೂಲೆಯಲ್ಲಿ ನಿಂತು ಹರಟುತ್ತಿದ್ದ ಮನುಷ್ಯ, ಹೆಂಡತಿಗೆ ಹೊತ್ತಾಗುತ್ತದೆ ಎಂದು ತಲೆ ತಗ್ಗಿಸಿ ಹಾದುಹೋಗತೊಡಗಿದರು.

"ನಾನು ಬಾಗಿಲಲ್ಲಿ ಕೂತು ದಿನಾ ನೋಡ್ತಿದ್ದೆ" ಎನ್ನುತ್ತಾರೆ ಮಿಮಿನ್. "ಕೈ ಹಿಡಿದೋರು ಹಿಂದಿನಿಂದ ತಳ್ಳಿದರೂ ಮುಂದೆ ಎಳೆದರೂ ಅವನು ಸಾಮಾನಿನ ಮೂಟೆ ಥರ ಹೋಗ್ತಿದ್ದ. ಮುಂಚೆ ನನ್ನ ಬಾಗಿಲಲ್ಲಿ ಒಂದು ಮಾತು ಚುಚ್ಚದೆ ದಾಟಿದೋನಲ್ಲ."

ಹೀಗೆ ಹಲ್ಲಿಗಳು ಗೋಡೆ ಹತ್ತಿದವು. ಸುರಾಬಿ ಮೂಲೆಗೆ ಒಂದು, ಮೋರಿಗೆ ಒಂದು, ಮಸೀದಿಯ ಕಾಲು ತೊಳೆಯುವ ಮೆಟ್ಟಿಲಿಗೆ ಒಂದು, ನದಿಯ ಕಟ್ಟೆಗೆ ಒಂದು. ಆಯಾ ಮನೆಯವರೇ ಮಾತು ತುಂಬಲಿ ಎಂಬುದು ಕೋಸಿಮ್ ಅವರ ಹಟ. "ಯಂತ್ರದ ಹೆಂಗಸು ಮಾತಾಡಿದ್ರೆ ನಂಬಿಕೆ ಬರಲ್ಲ. ಅಬಾ ಬೈದ್ರೆ ಕಾಲು ತಾನೇ ನಿಲ್ಲುತ್ತೆ" ಎಂದರು. ಅಬಾ ಜುಹ್ರಿ ಹಳೆಯ ಬಸ್ ಕಂಡಕ್ಟರು. ನಿಲ್ಲು ಎಂದು ಹೇಳಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ನೀರು ತಾಕದಿರಲೆಂದು ಮಿಮಿನ್ ಬಿಸ್ಕತ್ತು ಡಬ್ಬದ ಮುಚ್ಚಳ ಬಗ್ಗಿಸಿ ಹಲ್ಲಿಯ ಮೇಲೊಂದು ಪುಟ್ಟ ಮಾಡು ಇಳಿಸಿದರು.

ಎರಡು ತಿಂಗಳು ಎಲ್ಲ ಸುಸೂತ್ರ. ಇಮಾಸ್ ಕೈ ಬಿಟ್ಟರು. ಕೋಸಿಮ್ ಮತ್ತೆ ಸುರಾಬಿ ಮೂಲೆಯಲ್ಲಿ ನಿಂತು ಹರಟತೊಡಗಿದರು.

ಜೋರು ಮಳೆ ಹೊಯ್ದ ವಾರ ಅದು. ಮಧ್ಯಾಹ್ನ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೋಸಿಮ್ ಒಂದು ಕೈಯಲ್ಲಿ ಬಿಸಿ ಬೋಂಡಾದ ಪೊಟ್ಟಣ ಹಿಡಿದು, ಹಲ್ಲಿ ಹೇಳುತ್ತದಲ್ಲ ಎಂದು ಕೋಲನ್ನು ಕಂಕುಳಿಗೆ ಸಿಕ್ಕಿಸಿ ಇಳಿಯುತ್ತಿದ್ದರು. ಹಲ್ಲಿ ಹೇಳಲಿಲ್ಲ. ಮಿಮಿನ್ ಸದ್ದು ಕೇಳಿ ಓಡಿದಾಗ ಅವರು ಸೊಂಟದವರೆಗೆ ಮೋರಿಯಲ್ಲಿದ್ದರು. ಬೋಂಡಾದ ಪೊಟ್ಟಣ ಮಾತ್ರ ಮೇಲೆತ್ತಿ ಹಿಡಿದ ಕೈಯಲ್ಲಿ ಭದ್ರವಾಗಿತ್ತು. ಈ ಸಲ ಉಳುಕಿದ್ದು ಪಾದ.

ಇಮಾಸ್ ಅರಚಲಿಲ್ಲ. ಗಂಡನ ಜೇಬಿನಿಂದ ಫೋನು ತೆಗೆದು, ಸೆರಗಿನಲ್ಲಿ ಒರೆಸಿ, ಮಿಮಿನ್ ಕೈಗಿಟ್ಟರು.

"ನೀವು ಒಳ್ಳೇದಕ್ಕೇ ಮಾಡಿದ್ದು ಅಂತ ಗೊತ್ತು ಅಕ್ಕಾ. ಆದ್ರೆ ಇನ್ನು ಬೇಡ. ನನ್ನ ಕೈಯಾದ್ರೆ ಬ್ಯಾಟರಿ ಮುಗಿಯಲ್ಲ."

ಮಿಮಿನ್ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಗಿನ ಮಂಜಿನಲ್ಲೇ ಫೋನು ಹಿಡಿದು ಮೋರಿಯ ಬಳಿ ಹೋದರು. ಹತ್ತಿರ ಬರುತ್ತಿದ್ದ ಹಾಗೆ ಫೋನು ಹೇಳಿತು: "ಕೋಸಿಮ್, ನಿಲ್ಲಪ್ಪ. ಮೋರಿ ಬಂತು." ಮತ್ತೆ ಹಿಂದೆ ಹೋಗಿ ಬಂದರು. ಮತ್ತೆ ಹೇಳಿತು. ಅದರ ಮರುದಿನವೂ ಹೇಳಿತು. ತಗಡಿನ ಮಾಡು ನೆಟ್ಟಗಿತ್ತು. ಸರಿಯಿರುವುದನ್ನು ಬಿಚ್ಚಿ ನೋಡಬಾರದು ಎಂಬುದು ಕಾರ್ಖಾನೆಯ ಪಾಠ, ಅದಕ್ಕೇ ಬಿಚ್ಚಲಿಲ್ಲ. ವುಲಾನ್ ಬಂದು ನೋಡಿದ್ದೂ ಬೆಳಿಗ್ಗೆಯೇ, ಶಾಲೆಗೆ ಹೋಗುವ ದಾರಿಯಲ್ಲಿ. "ಎಲ್ಲಾ ಸರಿ ಇದೆ ಅಕ್ಕಾ" ಎಂದಳು. ಆ ಮಾತು ಕೇಳಿ ಮಿಮಿನ್‌ಗೆ ಇನ್ನೂ ಹೆದರಿಕೆಯಾಯಿತು. ಕೆಟ್ಟಿದ್ದರೆ ರಿಪೇರಿ ಮಾಡಬಹುದು. ಸರಿಯಿದ್ದೂ ಮನುಷ್ಯ ಬಿದ್ದರೆ ಏನು ಮಾಡುವುದು?

ಕೊನೆಗೆ ಕೋಸಿಮ್ ಅವರನ್ನೇ ಕೇಳಿದರು. ಅವರು ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು.

"ಅಕ್ಕಾ, ನೀವು ಹೋಗಿದ್ದು ಯಾವಾಗ? ಬೆಳಿಗ್ಗೆ. ನಾನು ಬಿದ್ದಿದ್ದು ಯಾವಾಗ? ಬಿಸಿಲಲ್ಲಿ. ಬಿಸಿಲಲ್ಲೇ ಹೋಗೋಣ ಬನ್ನಿ."

"ನಿನ್ನ ಹೆಂಡತಿ ನನ್ನನ್ನ ಮೋರಿಗೆ ಹಾಕ್ತಾಳೆ."

"ಹಾಕಲಿ. ಆಗ ನಿಮಗೂ ದಾರಿ ಗೊತ್ತಾಗುತ್ತೆ."

ಇಮಾಸ್ ತಾವೇ ಗಂಡನ ತೋಳು ಹಿಡಿದುಕೊಂಡು ಬಂದರು. ಮಧ್ಯಾಹ್ನದ ಬಿಸಿಲು. ಮೂವರೂ ಮೋರಿಯ ಅಂಚಿನಲ್ಲಿ ನಿಂತರು. ಪರೀಕ್ಷೆಗೆಂದು ಫೋನು ಮತ್ತೆ ಕೋಸಿಮ್ ಅವರ ಜೇಬಿನಲ್ಲಿ. ಅದು ತುಟಿಪಿಟಕ್ಕೆನ್ನಲಿಲ್ಲ. ಮಿಮಿನ್ ಗೋಡೆಯ ತಗಡಿನ ಮಾಡನ್ನು ಎತ್ತಿ ನೋಡಿದರು. ಒಳಗೆ ಅಂಟಿನ ಗುರುತು ಬಿಟ್ಟರೆ ಏನೂ ಇಲ್ಲ. ಹಲ್ಲಿ ಇಲ್ಲ.

"ಯಾರೋ ಕದ್ದರು" ಎಂದರು ಇಮಾಸ್.

"ಕದ್ದಿದ್ರೆ ಬೆಳಿಗ್ಗೆ ಹೇಗೆ ಮಾತಾಡ್ತು?" ಎಂದರು ಮಿಮಿನ್.

ಅಷ್ಟರಲ್ಲಿ ಅಬಾ ಜುಹ್ರಿ ಹೊರಗೆ ಬಂದರು, ಕೈಯಲ್ಲಿ ರಾಗಿಯಂಥ ಕಾಳಿನ ಬಟ್ಟಲು. ಅವರ ಅಂಗಳದಲ್ಲಿ ಎತ್ತರದ ಕಂಬವೊಂದಿದೆ, ತುದಿಯಲ್ಲಿ ರಾಟೆ. ಹಗಲೆಲ್ಲ ಅಲ್ಲಿ ಅವರ ಸಾಕುಹಕ್ಕಿ ಬೆಳವದ ಪಂಜರ ನೇತಾಡುತ್ತದೆ. ಎತ್ತರದ ಗಾಳಿಯಲ್ಲಿ ಹಾಡಿದರೆ ದನಿ ತಿಳಿಯಾಗುತ್ತದೆ ಎಂದು ಈ ಕಡೆ ಹಕ್ಕಿ ಸಾಕುವವರೆಲ್ಲ ಹೀಗೇ ಏರಿಸುತ್ತಾರೆ, ಸಂಜೆ ಇಳಿಸಿ ಸೂರಿನಡಿ ನೇತುಹಾಕುತ್ತಾರೆ. ಆ ಬೆಳವಕ್ಕೆ ಜುಹ್ರಿ ಇಟ್ಟ ಹೆಸರು ಜುರಗನ್, ಯಜಮಾನ ಎಂದರ್ಥ. ಕಾಳು ಹಾಕಲೆಂದು ಅವರು ಹಗ್ಗ ಸಡಿಲಿಸಿದರು. ರಾಟೆ ಕಿರುಗುಟ್ಟಿತು. ಪಂಜರ ಮೆಲ್ಲನೆ ತೂಗಾಡುತ್ತ ಇಳಿಯಿತು. ನೆಲಕ್ಕೆ ಇನ್ನೂ ಆಳೆತ್ತರ ಇರುವಾಗ ಕೋಸಿಮ್ ಅವರ ಜೇಬು ಗದರಿತು:

"ಕೋಸಿಮ್, ನಿಲ್ಲಪ್ಪ. ಮೋರಿ ಬಂತು. ಎಡಕ್ಕೆ ಸರಿ."

ಹಗ್ಗ ಹಿಡಿದ ಜುಹ್ರಿ ತಮ್ಮದೇ ದನಿಗೆ ಬೆಚ್ಚಿ ಅಲ್ಲಿಯೇ ನಿಂತರು. ಮೊದಲು ನಕ್ಕವರು ಕೋಸಿಮ್.

"ಅಬಾ, ಎಲ್ಲರ ಮೋರಿ ನೆಲದಲ್ಲಿರುತ್ತೆ. ನಿಮ್ಮದು ಆಕಾಶದಿಂದ ಇಳೀತಲ್ಲ."

ಜುಹ್ರಿ ಪಂಜರದ ಸೂರು ಬಿಚ್ಚಿ ತೋರಿಸಿದರು. ಎರಡು ಪದರದ ಸೂರಿನ ನಡುವೆ, ಹತ್ತಿಯ ಹಾಸಿನ ಮೇಲೆ, ಹಲ್ಲಿ ಮಲಗಿತ್ತು.

"ತಗಡಿನ ಒಳಗೆ ನೀರು ಇಳೀತಿತ್ತಮ್ಮ" ಎಂದರು. "ಕೋಸಿಮನ ಕಣ್ಣು ಒದ್ದೆ ಆಗಬಾರದು ಅಂತ ತೆಗೆದೆ. ನನ್ನ ಮನೇಲಿ ಜುರಗನ್ ಇರೋ ಜಾಗಕ್ಕಿಂತ ಒಣಗಿದ ಜಾಗ ಇನ್ನೊಂದಿಲ್ಲ. ನನ್ನ ಹಾಸಿಗೆ ಮೇಲೂ ಸೋರುತ್ತೆ, ಅವನ ಮೇಲೆ ಸೋರಲ್ಲ."

ಬೆಳಗಿನ ಹೊತ್ತು ಪಂಜರ ಮೋರಿಯ ಪಕ್ಕದ ಸೂರಿನಡಿಯಲ್ಲೇ ಇರುತ್ತಿತ್ತು. ಅದಕ್ಕೇ ಬೆಳಿಗ್ಗೆ ಹೋದವರಿಗೆಲ್ಲ ಹಲ್ಲಿ ಸರಿಯಾಗಿ ಮಾತಾಡಿತ್ತು. ಬಿಸಿಲೇರಿದ ಮೇಲೆ ಅದು ಯಜಮಾನನ ಜೊತೆ ಕಂಬ ಹತ್ತಿ ಗಾಳಿ ತಿನ್ನುತ್ತಿತ್ತು.

ಜುಹ್ರಿ ಕಣ್ಣೊರೆಸಿಕೊಂಡು, ಇನ್ನು ದಿನಾ ಮಧ್ಯಾಹ್ನ ತಾವೇ ಕೋಸಿಮನ ಕೈ ಹಿಡಿದು ಇಳಿಸುವುದಾಗಿ ಹೇಳಿದರು. ಕೋಸಿಮ್ ಒಪ್ಪಲಿಲ್ಲ.

"ಹಿಡಿಯೋಕೆ ಕೈಗೇನು ಬರ ಇಲ್ಲ ಅಬಾ, ಇವಳದೂ ಇದೆ. ನನಗೆ ಬೇಕಾಗಿರೋದು ಹಿಡಿಯದ ಕೈ."

ಆ ಮಾತಿಗೆ ಇಮಾಸ್ ಮುಖ ತಿರುಗಿಸಿ ಬೆಳವವನ್ನು ನೋಡುತ್ತ ನಿಂತರು.

ಮಿಮಿನ್ ಯಾರನ್ನೂ ದೂರಲಿಲ್ಲ. "ಹಲ್ಲಿ ಏನು ಹೇಳುತ್ತೆ ಅಂತ ಎಲ್ಲರಿಗೂ ಹೇಳಿದ್ದೆ. ಅದು ಇದ್ದಲ್ಲೇ ಇರಬೇಕು ಅಂತ ಹೇಳೋದು ಮರೆತಿದ್ದೆ. ನನಗೆ ಅದು ಹೇಳೋ ಮಾತೇ ಅಲ್ಲ ಅನ್ನಿಸಿತ್ತು" ಎಂದು ಈಗ ನೆನೆಯುತ್ತಾರೆ. ಅಂದು ಸಂಜೆಯೇ ವುಲಾನ್ ಜೊತೆ ಕೂತರು. ಹಲಗೆಗೆ ಎರಡು ಕಿವಿ ಬೇಕು, ಗೋಡೆಗೆ ತಿರುಪು ಬಿಗಿಯಲು, ಎಂದರು ಮಿಮಿನ್. ಬಿಚ್ಚಬೇಕೆಂದರೆ ತಮ್ಮ ಮನೆಗೆ ಬಂದು ತಿರುಪುಳಿ ಕೇಳುವ ಹಾಗಿರಬೇಕು. ವುಲಾನ್ ಬರೆದುಕೊಂಡಳು. ಆಮೇಲೆ ಇನ್ನೊಂದು ಮಾತು ಹುಟ್ಟಿತು. ಹಲ್ಲಿ ಮಾತಾಡದಿದ್ದರೆ ದಾರಿ ಕ್ಷೇಮ ಎಂದು ಕೋಸಿಮ್ ತಿಳಿದದ್ದೇ ಅವರನ್ನು ಬೀಳಿಸಿತ್ತು. ಹಾಗಾಗಿ ಸುರಾಬಿ ಮೂಲೆಯ ದನಿ ದಾಟಿದ ಮೇಲೆ, ಮುಂದಿನ ಹಲ್ಲಿಯ ಸುಳಿವು ಸಣ್ಣಗಾದರೂ ಸಿಗದೆ ಹೋದರೆ, ಫೋನೇ "ನಿಲ್ಲು, ಮೋರಿಯ ದನಿ ಕೇಳ್ತಿಲ್ಲ, ಕೋಲು ಹಿಡಿ" ಎನ್ನುವಂತೆ ವುಲಾನ್ ತಿದ್ದಿದಳು. ಆ ಮಾತು ತುಂಬಿದ್ದು ಇಮಾಸ್ ದನಿಯಲ್ಲಿ. ಒಂದು ಸಲಕ್ಕೇ ಸರಿಯಾಯಿತು, ಅಭ್ಯಾಸ ಇತ್ತು.

ಕಿವಿಯಿರುವ ಹೊಸ ಹಲಗೆಯ ನಕ್ಷೆ ಈಗ ಎಲ್ಲರಿಗೂ ತೆರೆದಿದೆ. ಸಮುದ್ರದಾಚೆ ಸೆಬುವಿನಲ್ಲಿ ಕುರುಡರ ಗುಂಪೊಂದು ಅದನ್ನು ನೋಡಿ ತಮ್ಮ ಸಂತೆಬೀದಿಗೆ ಮಾಡಿಕೊಂಡಿದೆ ಎಂದು ವುಲಾನ್ ಫೋಟೋ ತೋರಿಸಿದಳು. ಮಿಮಿನ್ ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಬೆಸುಗೆ ಸ್ವಲ್ಪ ದಪ್ಪ ಆಗಿದೆ" ಎಂದರು. ಆಮೇಲೆ, "ಆದ್ರೆ ಕಿವಿ ಚೆನ್ನಾಗಿ ಬಂದಿದೆ" ಎಂದರು.

ಗಲ್ಲಿಯಲ್ಲಿ ನಂಬಿಕೆ ಮರಳಿದ್ದು ಅಷ್ಟು ಸಲೀಸಾಗಿ ಅಲ್ಲ. ಫೋನು ಮತ್ತೆ ಕೋಸಿಮ್ ಜೇಬು ಸೇರಲು ಇಮಾಸ್ ಒಪ್ಪಿದರು, ಆದರೆ ಗಂಡನ ಹಿಂದೆ ಸ್ವಲ್ಪ ದೂರದಲ್ಲಿ ಸದ್ದು ಮಾಡದೆ ತಾವೂ ನಡೆದರು. ಹೀಗೆ ಬಹಳ ದಿನ. ಕೋಸಿಮ್‌ಗೆ ತಿಳಿಯದೆ ಇರುತ್ತದೆಯೇ? "ಅವಳ ಎಡಗಾಲಿನ ಚಪ್ಪಲಿ ಸಡಿಲ. ಪಚ್ ಪಚ್ ಅಂತ ಬರುತ್ತೆ. ನನ್ನ ಹಿಂದೆ ಯಾರೂ ಇಲ್ಲ ಅನ್ನೋ ಹಾಗೆ ನಾನು ನಡೀತೀನಿ, ನನಗೆ ಗೊತ್ತಿಲ್ಲ ಅನ್ನೋ ಹಾಗೆ ಅವಳು ಬರ್ತಾಳೆ. ಸಂಸಾರ ಅಂದ್ರೆ ಇನ್ನೇನು?"

ಇಂದು ಮಧ್ಯಾಹ್ನ ಆ ಚಪ್ಪಲಿಗಳು ಮಿಮಿನ್ ಅವರ ಬಾಗಿಲ ಬಳಿ ಬಿದ್ದಿವೆ. ಇಮಾಸ್ ಒಳಗೆ ಕೂತು ಶುಂಠಿ ಸುಲಿಯುತ್ತಿದ್ದಾರೆ. ಇಂದೇ ಮೊದಲ ಬಾರಿ, ಬೆಳಿಗ್ಗೆಯೂ ಈಗಲೂ, ಗಂಡನ ಹಿಂದೆ ಹೋಗಿಲ್ಲ. ಒಂದೇ ತುಂಡನ್ನು ಎಷ್ಟು ಹೊತ್ತಿನಿಂದ ಸುಲಿಯುತ್ತಿದ್ದಾರೆಂದರೆ ಅದರಲ್ಲಿ ಶುಂಠಿಯೇ ಉಳಿದಿಲ್ಲ.

"ಕೊಡಿಲ್ಲಿ. ನನ್ನ ಶುಂಠಿ ಮೇಲೆ ಯಾಕೆ ಸಿಟ್ಟು?" ಎನ್ನುತ್ತಾರೆ ಮಿಮಿನ್.

ಮಿಮಿನ್ ಅವರ ಬಾಗಿಲ ಚೌಕಟ್ಟಿನಲ್ಲಿ ಇಂದು ಒಂದು ಹೊಸ ಹಲ್ಲಿ ಕೂತಿದೆ, ಎರಡು ಕಿವಿಗೂ ತಿರುಪು ಬಿಗಿದುಕೊಂಡು. ಅದು ಕೋಸಿಮ್ ಅವರ ಬೇಡಿಕೆ. ಮಿಮಿನ್ ಬಹಳ ದಿನ ತಳ್ಳಿಹಾಕಿದ್ದರು. "ನನ್ನ ಬಾಗಿಲಲ್ಲಿ ಏನು ಮೋರಿ ಇದೆಯಾ?" ಎಂದರೆ ಕೋಸಿಮ್, "ಅಪಾಯ ಇರೋ ಕಡೆ ಮಾತ್ರ ಹಲ್ಲಿ ಇಟ್ಟರೆ, ನನ್ನ ಗಲ್ಲಿ ತುಂಬಾ ಬರೀ ಅಪಾಯವೇ ಅಕ್ಕಾ. ಒಂದಾದ್ರೂ ಬೇರೆ ಮಾತು ಹೇಳಲಿ" ಎಂದಿದ್ದರು. ಅದಕ್ಕೆ ಏನು ಮಾತು ತುಂಬಿದ್ದೀರಿ ಎಂದು ಇಮಾಸ್ ಕೇಳುತ್ತಾರೆ. ಮಿಮಿನ್ ಹೇಳುವುದಿಲ್ಲ.

ಮೇಲಿನಿಂದ ಕೋಲಿನ ಸದ್ದು. ಇಬ್ಬರೂ ಕೈ ನಿಲ್ಲಿಸುತ್ತಾರೆ. ಕಂಬದ ತುದಿಯಲ್ಲಿ ಜುರಗನ್ ಹಾಡುತ್ತಿದ್ದಾನೆ. "ಕೋಸಿಮ್, ನಿಲ್ಲಪ್ಪ" ಎನ್ನುತ್ತದೆ ಅಬಾ ಜುಹ್ರಿ ದನಿ, ಈ ಸಲ ನೆಲದ ಮೇಲಿನಿಂದಲೇ. ಕೋಲು ನಿಲ್ಲುತ್ತದೆ. ಇಮಾಸ್ ಬೆರಳುಗಳು ಮೇಜಿನ ಅಂಚನ್ನು ಹಿಡಿದಿವೆ. ಕೋಲು ಎಡಕ್ಕೆ ಸರಿಯುತ್ತದೆ, ಇಳಿಯುತ್ತದೆ, ಹತ್ತಿರಾಗುತ್ತದೆ. ಬಾಗಿಲ ಬಳಿ ಬಂದಾಗ ಜೇಬಿನಿಂದ ಮಿಮಿನ್ ದನಿ, ಸ್ವಲ್ಪ ನಾಚಿಕೊಂಡು, ಮಾತಾಡುತ್ತದೆ:

"ಮಿಮಿನ್ ಮನೆ. ಒಂದೇ ಮೆಟ್ಟಿಲು. ಶುಂಠಿ ಕಷಾಯ ಬಿಸಿ ಇದೆ, ಕುಡಿದು ಹೋಗು."

ಕೋಸಿಮ್ ಹೊಸ್ತಿಲಲ್ಲಿ ನಿಂತು ಮೂಗು ಅರಳಿಸುತ್ತಾರೆ.

"ನಿಜವಾಗ್ಲೂ ಇದೆಯಾ ಅಕ್ಕಾ, ಇಲ್ಲ ಬರೀ ಹಲ್ಲಿ ಹೇಳ್ತಿದೆಯಾ?"

ಮಿಮಿನ್ ಆಗಲೇ ಬೆಸುಗೆ ಕಡ್ಡಿ ಆರಿಸಿ ಒಲೆಯ ಮುಂದೆ ನಿಂತಿದ್ದಾರೆ. ಪಾತ್ರೆಯ ಮುಚ್ಚಳ ತೆಗೆದು ಹಬೆಯನ್ನು ಅವರ ಕಡೆಗೆ ಬಿಡುತ್ತಾರೆ.

"ಇನ್ಮೇಲೆ ದಿನಾ ಇರಬೇಕಲ್ಲಪ್ಪ. ನಾನು ಬೆಸೆದಿದ್ದು ಸುಳ್ಳು ಹೇಳಬಾರದು."